ಸೀಜಿನ್‌ಕೋಟ್ ಮನೆಯ ಕಲ್ಲು ಭಾರತದ್ದಲ್ಲ

ಹಸಿರು ಗುಮ್ಮಟದ ಒಂದು ಕಲ್ಲಿನ ಮನೆಯ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. "ಬ್ರಿಟಿಷರು ಮೊಘಲರ ಅರಮನೆ ಬಿಚ್ಚಿ, ಕಲ್ಲುಗಳನ್ನು ಹಡಗಿನಲ್ಲಿ ಸಾಗಿಸಿ ಇಂಗ್ಲೆಂಡಿನಲ್ಲಿ ಮತ್ತೆ ಕಟ್ಟಿದರು" ಎಂದು ಅದರ ಕೆಳಗೆ ಬರೆದಿದೆ. ಇದು ತಪ್ಪು.

ಅದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿರುವ ಸೀಜಿನ್‌ಕೋಟ್ ಎಂಬ ಮನೆ. ಗೋಡೆಗಳು ಅಲ್ಲಿನದೇ ಕಾಟ್ಸ್‌ವೋಲ್ಡ್ ಸುಣ್ಣಕಲ್ಲಿನವು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡಿದು ಹಣ ಮಾಡಿದ ಚಾರ್ಲ್ಸ್ ಕಾಕರೆಲ್‌ಗಾಗಿ ಅಣ್ಣ ಸ್ಯಾಮ್ಯುಯೆಲ್ ಪೆಪಿಸ್ ಕಾಕರೆಲ್ 1805ರ ಸುಮಾರಿಗೆ ನಕ್ಷೆ ಮಾಡಿದರು. ಭಾರತ ಸುತ್ತಿ ಕಟ್ಟಡಗಳ ಚಿತ್ರ ಬರೆದುಕೊಂಡು ಬಂದಿದ್ದ ಥಾಮಸ್ ಡೇನಿಯೆಲ್ ಸಲಹೆ ಕೊಟ್ಟರು. ಹೀಗಾಗಿ ಇಲ್ಲಿಂದ ಹೋದದ್ದು ಕಲ್ಲಲ್ಲ, ವಿನ್ಯಾಸ. ಅಗಲವಾಗಿ ಮುಂಚಾಚಿದ ಸಜ್ಜಾ, ನವಿಲುಗರಿ ಹರಡಿದಂತಿರುವ ಕಮಾನಿನ ಕಿಟಕಿ, ಮೂಲೆಗಳಲ್ಲಿ ಪುಟ್ಟ ಮಂಟಪ, ಎಲ್ಲವನ್ನೂ ಅಲ್ಲೇ ಕೆತ್ತಿದ್ದು. ಗುಮ್ಮಟ ತಾಮ್ರದ್ದು, ಅದಕ್ಕೇ ಆ ಹಸಿರು.

ಒಳಗೆ ಕಾಲಿಟ್ಟರೆ ಇನ್ನೂ ಸ್ಪಷ್ಟ. ಕೋಣೆಗಳು ಆ ಕಾಲದ ಇಂಗ್ಲಿಷ್ ಶ್ರೀಮಂತರ ಮನೆಯಂತೆಯೇ ಇವೆ, ಮೊಘಲ್ ಛಾಯೆಯೇ ಇಲ್ಲ. ಅರಮನೆಯನ್ನೇ ತಂದಿದ್ದರೆ ಹೀಗಿರುತ್ತಿರಲಿಲ್ಲ, ಅಲ್ವಾ?

ಕಂಪನಿ ಕಾಲದಲ್ಲಿ ಭಾರತದಿಂದ ಸಂಪತ್ತು ಹೋಗಿದ್ದು ನಿಜ. ಈ ಮನೆಯ ಹಿಂದೆಯೂ ಆ ಹಣವಿದೆ. ಅದನ್ನು ಹೇಳಲೇಬೇಕು. ಆದರೆ ಇಲ್ಲದ ಅರಮನೆಯ ಕಥೆ ಸೇರಿಸಿದರೆ ನಿಜವಾದ ಮಾತಿನ ಮೇಲೂ ಜನರಿಗೆ ಅನುಮಾನ ಬರುತ್ತದೆ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.