ಹೊಸ ಹಾಡನ್ನು ಯಾರು ಉಳಿಸಬೇಕು?

ಲಾಭದ ಆಸೆ ಇಲ್ಲದ ರೆಕಾರ್ಡ್ ಕಂಪನಿ ಎಷ್ಟು ದಿನ ನಡೆದೀತು ಎಂದು ಲೇಖನದಲ್ಲಿ ಕೇಳಿದ್ದೀರಿ. ಅಮೆರಿಕದ ಸಂಗೀತ ರಚನಕಾರರ ಹೊಸ ಕೃತಿಗಳನ್ನು ರೆಕಾರ್ಡ್ ಮಾಡುತ್ತಿದ್ದ ಕಂಪೋಸರ್ಸ್ ರೆಕಾರ್ಡಿಂಗ್ಸ್ ಎಂಬ ಅಂಥ ಕಂಪನಿ ಸುಮಾರು 50 ವರ್ಷ ನಡೆಯಿತು. 1954ರಲ್ಲಿ ಓಟ್ಟೊ ಲ್ಯೂನಿಂಗ್, ಡಗ್ಲಸ್ ಮೂರ್, ಆಲಿವರ್ ಡೇನಿಯಲ್ ಸೇರಿ ಶುರು ಮಾಡಿದ್ದು. 2003ರಲ್ಲಿ ಬಾಗಿಲು ಹಾಕಿತು ನಿಜ, ಆದರೆ ಅದರ ರೆಕಾರ್ಡಿಂಗ್‌ಗಳು ಅಂಥದ್ದೇ ಇನ್ನೊಂದು ಸಂಸ್ಥೆಯಾದ ನ್ಯೂ ವರ್ಲ್ಡ್ ರೆಕಾರ್ಡ್ಸ್ ಕೈಗೆ ಹೋದವು, ಕಸದ ಬುಟ್ಟಿಗಲ್ಲ. ನನಗೆ ಅದೇ ದೊಡ್ಡ ವಿಷಯ.

ನಾವು ಕಾಸರಗೋಡಿನ ಕುಂಬಳೆ ಕಡೆಯವರು. ನಮ್ಮ ಮಾವ ಹೊಸ ಯಕ್ಷಗಾನ ಪ್ರಸಂಗಕ್ಕೆ ಪದ್ಯ ಬರೆದು, ರಾಗ ಕೂರಿಸಿ, ಒಂದು ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದರು. ಆಗ ಕ್ಯಾಸೆಟ್ ಮಾಡುವವರು 'ಹಳೇ ಪ್ರಸಂಗವಾದರೆ ನೋಡೋಣ, ಹೊಸದು ಹೋಗುವುದಿಲ್ಲ' ಎಂದರಂತೆ. ಕಳೆದ ಮಳೆಗಾಲದಲ್ಲಿ ತೆಗೆದು ನೋಡಿದರೆ ಟೇಪಿನ ಅಂಚಿಗೆಲ್ಲ ಬಿಳಿ ಬೂಸ್ಟು, ಹಾಕಿ ಕೇಳಿದರೆ ಚೆಂಡೆಯ ಪೆಟ್ಟು ಮಾತ್ರ ಸ್ಪಷ್ಟ, ಮಾವನ ಸ್ವರ ನೀರಿನೊಳಗಿಂದ ಬಂದ ಹಾಗೆ. ಇನ್ನೊಂದು ಪ್ರತಿ ಇಲ್ಲ.

ನಮ್ಮೂರಿನ ಹಳೇ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳೂ ಒಂದು ಕಾಲಕ್ಕೆ ಹೊಸದೇ ಅಲ್ವಾ? ನಮ್ಮ ಕಡೆಗೂ ಹೊಸ ಹಾಡು ಉಳಿಸುವ ಅಂಥದ್ದೊಂದು ಸಂಸ್ಥೆ ಬೇಕು. ಯಾರಾದರೂ ಶುರು ಮಾಡಿದರೆ ನಾನು ತಿಂಗಳು ತಿಂಗಳು ದುಡ್ಡು ಕೊಡುತ್ತೇನೆ, ಸುಮ್ನೆ ಹೇಳುತ್ತಿಲ್ಲ.