ಮಾಸ್ ಸಿಕ್ಕಿದ್ದು 21ನೇ ಆಯ್ಕೆಯಲ್ಲಿ
ಅಮೆರಿಕನ್ ಫುಟ್‌ಬಾಲ್ ಲೀಗ್ NFLನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಅಂಗಳದಾಚೆಯ ತಂಟೆಗಳಿಂದ ರಿಸ್ಕ್ ಅನ್ನಿಸುವ ವೈಡ್ ರಿಸೀವರ್‌ನನ್ನು (ಪಾಸ್ ಹಿಡಿಯುವ ಆಟಗಾರ) ಬಿಟ್ಟರೆ, 1998ರಲ್ಲಿ ಮಾಸ್‌ನನ್ನು ಬಿಟ್ಟ ಡಲ್ಲಾಸ್ ತಂಡದ ಥರ ಕೈ ಹಿಸುಕಿಕೊಳ್ಳಬೇಕಾಗುತ್ತದೆ ಅಂತ ರ‍್ಯಾಂಡಿ ಮಾಸ್ ಉದಾಹರಣೆ ಕೊಟ್ಟಿದ್ದೀರಿ. ನಿಜ, 1998ರ ಥ್ಯಾಂಕ್ಸ್‌ಗಿವಿಂಗ್ ಪಂದ್ಯದಲ್ಲಿ ಡಲ್ಲಾಸ್ ವಿರುದ್ಧ ಆತ ಹಿಡಿದದ್ದು ಮೂರೇ ಚೆಂಡು. ಮೂರೂ ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಗಳಿಸುವ ಅಂಕ), ಒಟ್ಟು 163 ಗಜ. ಹೊಟ್ಟೆ ಉರಿಯದೆ ಇರುತ್ತಾ! ಆದರೆ ಮಿನೆಸೋಟಾ ತಂಡ ಅವನನ್ನು ತೆಗೆದುಕೊಂಡಿದ್ದು 21ನೇ ಆಯ್ಕೆಯಲ್ಲಿ. ಅದನ್ನು ಸುಮ್ನೆ ದಾಟಿಬಿಟ್ಟಿರಿ. ಜಾಕ್ಸನ್‌ವಿಲ್ ತಂಡವನ್ನು ನೋಡಿ. 2012ರಲ್ಲಿ ಜಸ್ಟಿನ್ ಬ್ಲ್ಯಾಕ್‌ಮನ್ ಎಂಬ ರಿಸೀವರ್‌ಗಾಗಿ ಇನ್ನೊಂದು ಆಯ್ಕೆಯನ್ನೂ ಬಿಟ್ಟುಕೊಟ್ಟು 7ನೇ ಸರದಿಯಿಂದ 5ಕ್ಕೆ ಏರಿತು. ಮರುವರ್ಷ ಅನಿರ್ದಿಷ್ಟ ಕಾಲಕ್ಕೆ ಅಮಾನತಾದವನು ಮತ್ತೆ ಅಂಗಳಕ್ಕೆ ಇಳಿಯಲೇ ಇಲ್ಲ. ಸರದಿ ಮುಂದಿದ್ದಷ್ಟೂ ಆಯ್ಕೆ ದುಬಾರಿ, ಪ್ರಶ್ನೆ ಇರೋದು ಕೊಡುವ ಆ ಬೆಲೆಯಲ್ಲಿ ಅಲ್ವಾ? 20ರ ನಂತರ ಸಿಕ್ಕರೆ ನಾನಾದರೂ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳುತ್ತೇನೆ. ಮೊದಲ ಹತ್ತರಲ್ಲಿ ಮಾತ್ರ ಬೇಡ ಮಾರಾಯ್ರೇ.