ಎರಡು ಕಿವಿ, ಒಂದು ಕನ್ನಡಕ

ಕಿವಿ ಇರುವುದು ಕೇಳುವುದಕ್ಕೆ ಎಂದೇ ತಿಳಿದಿದ್ದೆ. ಹೆಡ್‌ಫೋನ್ ಕೊಂಡ ಮೇಲೆ ಗೊತ್ತಾಯಿತು, ನನ್ನ ಕಿವಿಗಳು ಎಷ್ಟೋ ವರ್ಷದಿಂದ ಕನ್ನಡಕದ ಕೂಲಿ ಮಾಡಿಕೊಂಡಿವೆ ಅಂತ.

ಕಥೆಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವ ಚಟ ನನ್ನದು. ಹಿನ್ನೆಲೆ ಸಂಗೀತವನ್ನು ಕಿವಿಗೆ ಹಾಕಿಕೊಂಡು ಅದರ ಲಯಕ್ಕೆ ಓದುತ್ತೇನೆ. ಹಳೆಯ ಹೆಡ್‌ಫೋನ್ ಓಪನ್ ಬ್ಯಾಕ್, ಬೆನ್ನಿಗೆ ಜಾಲರಿ. ಒಳಗಿನ ಸದ್ದು ಧಾರಾಳವಾಗಿ ಹೊರಗೂ ಬರುತ್ತಿತ್ತು, ಬಂದದ್ದು ನೇರ ಮೈಕಿಗೆ ಹೋಗುತ್ತಿತ್ತು. ಕೇಳಿ ನೋಡಿದರೆ ನನ್ನ ದನಿಯ ಹಿಂದೆ ಡಬ್ಬಿಯಲ್ಲಿ ಕೂಡಿಟ್ಟ ಕೀಟದ ಹಾಗೆ ಕಿಚಿಕಿಚಿ ಸಂಗೀತ. ಬೆನ್ನು ಮುಚ್ಚಿದ, ಅಂದರೆ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಬೇಕೇ ಬೇಕಾಯಿತು. ಜೇಬು ಮಾತ್ರ ತೀರ ಬಿಚ್ಚುವಂತಿರಲಿಲ್ಲ.

ಡಬ್ಬದ ಮೇಲಿನ ಅಂಕಿಗಳನ್ನು ಓದಿದೆ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಅನ್ನುವ ಹೆಡ್‌ಫೋನ್ 5ರಿಂದ 35,000 ಹರ್ಟ್ಸ್‌ವರೆಗೆ ನುಡಿಯುತ್ತದಂತೆ. ಎಳೆಯ ಕಿವಿಗೇ ಕೇಳುವುದು ಸುಮಾರು 20ರಿಂದ 20,000. ನನ್ನ ವಯಸ್ಸಿನವರಿಗೆ ಮೇಲಿನದು ಅದಾಗಲೇ ಸವೆದಿರುತ್ತದೆ. ಮಿಕ್ಕದ್ದು ಬಾವಲಿಗೆ. ಕೆಲಸಕ್ಕೆ ಬರುವ ಅಂಕಿ ಓಮ್, ಅಂದರೆ ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆ. ಅದೇ ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. 250ರದ್ದನ್ನು ಫೋನಿಗೆ ಸಿಕ್ಕಿಸಿದರೆ ಅದು ಪಿಸುಗುಟ್ಟುತ್ತದೆ, ಅಷ್ಟೇ. ಆದರೆ ತಲೆಯನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬ ಲೆಕ್ಕ ಬರೆಯುವವರು ಕಡಿಮೆ. ನನಗೆ ಬೇಕಿದ್ದದ್ದು ಅದೇ.

ಅಂಗಡಿಯಲ್ಲಿ ಐದು ನಿಮಿಷ ಕೇಳಿದೆ. ಐದು ನಿಮಿಷದಲ್ಲಿ ಗೆಲ್ಲುವವರು ಯಾವಾಗಲೂ ಜೋರಿನವರು. ಒಂದೇ ಹಾಡು, ಒಂದು ಜೊತೆಯಲ್ಲಿ ತುಸು ಜೋರಾಗಿ ಕೇಳಿದರೂ ಸಾಕು, ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎರಡರ ಸದ್ದನ್ನೂ ಸಮ ಮಾಡಿಕೊಂಡು ಕೇಳಬೇಕಿತ್ತು. ಕೇಳಲಿಲ್ಲ. ಗುಮ್ಮೆನ್ನುವ ಒಂದನ್ನು ಎತ್ತಿಕೊಂಡು ಬಂದೆ.

ಮನೆಯಲ್ಲಿ ಮೊದಲ ಅರ್ಧ ಗಂಟೆ ಸುಖ. ಆಮೇಲೆ ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗಿ ನವೆ. ಒಂದು ಗಂಟೆಗೆ ಕನ್ನಡಕದ ಕಡ್ಡಿ ಕಿವಿಯ ಹಿಂದಿನ ಎಲುಬಿಗೆ ಒತ್ತತೊಡಗಿತು. ಎರಡನೆಯ ಗಂಟೆಗೆ, ಲೆಕ್ಕ ತಪ್ಪಿದ ಹುಡುಗನ ಕಿವಿ ಹಿಂಡಿ ನಿಂತ ಮೇಷ್ಟರ ನೆನಪು. ಮೇಷ್ಟರಾದರೂ ಒಂದೇ ಕಿವಿ ಹಿಂಡುತ್ತಿದ್ದರು.

ತಡೆಯಲಾರದೆ ಕನ್ನಡಕ ತೆಗೆದೆ. ತೆಗೆದದ್ದೇ ತಡ, ಅದುವರೆಗೆ ಬರೀ ಟಕ್ ಟಕ್ ಅನ್ನುತ್ತಿದ್ದ ಡೋಲಿಗೆ ಹೊಟ್ಟೆ ಬಂತು. ಹಾಕಿದೆ, ಹೊಟ್ಟೆ ಹೋಯಿತು. ತೆಗೆದೆ, ಬಂತು. ಮುಚ್ಚಿದ ಬೆನ್ನಿನ ಹೆಡ್‌ಫೋನಿನ ಗುಟ್ಟೇ ಇದು: ಬಟ್ಟಲು, ಮೆತ್ತೆ, ಕೆನ್ನೆ ಮೂರೂ ಸೇರಿ ಗಾಳಿಯಾಡದ ಪುಟ್ಟ ಕೋಣೆಯಾಗಬೇಕು. ಕಡ್ಡಿಯ ದಪ್ಪದಷ್ಟು ಸಂದು ಸಿಕ್ಕರೂ ಮೊದಲು ಸೋರಿಹೋಗುವುದು ಬಾಸ್, ಅಂದರೆ ಆ ಗುಮ್ಮೆನ್ನುವ ತಗ್ಗು ಸದ್ದು. ಅಂಗಡಿಯಲ್ಲಿ ಗುಮ್ಮೆಂದದ್ದು ನಾನು ಎರಡೂ ಕೈಯಿಂದ ಬಟ್ಟಲುಗಳನ್ನು ಒತ್ತಿ ಹಿಡಿದುಕೊಂಡಿದ್ದಕ್ಕೆ. ಸದ್ದು ಬೇರೆ, ಸುಖ ಬೇರೆ ಎಂದು ಎರಡು ಖಾತೆ ತೆರೆದಿದ್ದೆ. ಎರಡೂ ಒಂದೇ ಮೆತ್ತೆಯ ಮೇಲೆ ಕೂತಿದ್ದವು. ನನ್ನ ಪಾಡಂತೂ ಕೇಳಬೇಡಿ. ಕನ್ನಡಕ ತೆಗೆದರೆ ಬಾಸ್ ಬರುತ್ತದೆ, ಅಕ್ಷರ ಹೋಗುತ್ತದೆ.

ಹಿಡಿತ ಸಡಿಲಿಸಲು ಪುಸ್ತಕಗಳನ್ನು ತಲೆಗಿಂತ ತುಸು ಅಗಲವಾಗಿ ಜೋಡಿಸಿ ಅದರ ಮೇಲೆ ಹೆಡ್‌ಫೋನ್ ತೊಡಿಸಿ ರಾತ್ರಿಯಿಡೀ ಬಿಟ್ಟೆ. ಲೋಹದ ಪಟ್ಟಿಯಾದರೆ ಇದು ನಡೆಯುತ್ತದೆ, ಬರೀ ಪ್ಲಾಸ್ಟಿಕ್ಕಾದರೆ ಬೆಳಿಗ್ಗೆ ಎರಡು ಹೆಡ್‌ಫೋನ್ ಸಿಕ್ಕಾವು. ಮಗಳು ನೋಡಿ, "ಅಪ್ಪಾ, ಇದಕ್ಕೂ ಓದೋಕೆ ಹಚ್ಚಿದ್ದೀಯಾ?" ಅಂದಳು.

ಮೆತ್ತೆಯದು ಇನ್ನೊಂದು ರಾಮಾಯಣ. ತೊಗಲಿನಂಥದ್ದು ಚೆನ್ನಾಗಿ ಮುಚ್ಚುತ್ತದೆ, ಬೆವರಿಸುತ್ತದೆ, ಕೆಲವು ವರ್ಷಕ್ಕೆ ಹಕ್ಕಳೆ ಎದ್ದು ಕೆನ್ನೆಗೆಲ್ಲ ಕರಿ ಚುಕ್ಕೆ ಅಂಟಿಸುತ್ತದೆ. ಮಖಮಲ್ಲಿನಂಥದ್ದು ತಂಪು, ಆದರೆ ಅದರ ನೂಲಿನ ಸಂದಿಯಲ್ಲೂ ಚೂರು ಸೋರಿಕೆ. ಬದಲಿಸಿದರೆ ಸದ್ದೂ ಬದಲಾಗುತ್ತದೆ. ಅಗ್ಗ ಅನ್ನುವುದನ್ನು ನಾನೀಗ ಬಿಡಿಭಾಗದಿಂದ ಅಳೆಯುತ್ತೇನೆ. ಸೋನಿಯ ಎಂಡಿಆರ್ 7506 ಬಂದದ್ದು 1991ರಲ್ಲಿ; ಅಷ್ಟು ಹಳೆಯ ಮಾದರಿಗೆ ಮೆತ್ತೆ ಹುಡುಕಿ ಅಲೆಯಬೇಕಿಲ್ಲ. ಅದರ ಸುರುಳಿ ವೈರು ಮಾತ್ರ ಬಿಚ್ಚಲು ಬರುವುದಿಲ್ಲ. ಆಡಿಯೊ ಟೆಕ್ನಿಕಾದ ಎಂ40ಎಕ್ಸ್‌ಗೆ ಬಿಚ್ಚುವ ವೈರು. ಕುರ್ಚಿಯ ಗಾಲಿಯನ್ನು ವೈರಿನ ಮೇಲೆ ಹತ್ತಿಸುವ ನನ್ನಂಥವರಿಗೆ ಇದು ಸಣ್ಣ ವಿಷಯವಲ್ಲ.

ಕಡೆಗೆ ನಾನು ಹೆಡ್‌ಫೋನ್ ಬದಲಿಸಲಿಲ್ಲ. ಕನ್ನಡಕ ಬದಲಿಸಿದೆ, ತಂತಿಯಷ್ಟು ಸಣ್ಣ ಕಡ್ಡಿಯದು. ಹೆಡ್‌ಫೋನಿಗಿಂತ ಅದಕ್ಕೇ ಹೆಚ್ಚು ಬಿತ್ತು.

ಮೊನ್ನೆ ಎಲ್ಲ ಕೂಡಿಬಂತು. ಕಿವಿ ಹಗುರ, ಅಕ್ಷರ ಸ್ಪಷ್ಟ, ಡೋಲಿಗೆ ಹೊಟ್ಟೆ. ಕಿವಿ ಮುಚ್ಚಿಕೊಂಡಾಗ ಸ್ವಂತ ದನಿ ಕೊಡದೊಳಗೆ ಮಾತಾಡಿದಂತೆ ಕೇಳುತ್ತದೆ, ಅದೂ ಒಂಥರಾ ಗತ್ತು. ಒಂದೇ ಉಸಿರಿಗೆ ಕಥೆ ಮುಗಿಸಿ ಹಾಕಿ ಕೇಳಿದೆ. ಸಂಗೀತದ ಎಳೆಯೂ ಸೋರಿರಲಿಲ್ಲ. ಮುದಿ ರಾಜ ಕೊನೆಯುಸಿರು ಎಳೆಯುವ ಹೊತ್ತಿಗೆ ಸರಿಯಾಗಿ ಬಾಗಿಲಾಚೆಯಿಂದ "ಅಪ್ಪಾ", ಮೂರು ಸಲ, ಒಂದಕ್ಕಿಂತ ಒಂದು ಜೋರಾಗಿ.